ತಂಗಿ ಎಂಬ ಮಾತು

ನಮ್ಮ ಹುಲಿಗಿಯಲ್ಲಿ ಮಂಗಳವಾರ, ಶುಕ್ರವಾರ ಬಂತೆಂದರೆ ಕಾಲಿಡಲು ಜಾಗವಿರುವುದಿಲ್ಲ. ಮುನಿರಾಬಾದ್ ಸ್ಟೇಷನ್ನಿನಲ್ಲಿ ಇಳಿದವರು, ಕೊಪ್ಪಳ, ಹೊಸಪೇಟೆಯ ಬಸ್ಸಿಗೆ ಬಂದವರು, ಟ್ರ್ಯಾಕ್ಟರಿನಲ್ಲಿ ಓಣಿಗೆ ಓಣಿಯೇ ಕೂಡಿಕೊಂಡು ಬಂದವರು, ಎಲ್ಲರೂ ತುಂಗಭದ್ರೆಯಲ್ಲಿ ಮುಳುಗೆದ್ದು ಹುಲಿಗೆಮ್ಮನ ಗುಡಿಯತ್ತ ನಡೆಯುತ್ತಾರೆ. ದಾರಿಯ ಎರಡೂ ಬದಿಗೆ ಕುಂಕುಮ, ಭಂಡಾರ, ಉಡಿಸಾಮಾನು, ಹಸಿರು ಬಳೆಯ ಅಂಗಡಿಗಳು. ಆ ಬಳೆಯಂಗಡಿಗಳಲ್ಲಿ ಒಂದು ನನ್ನ ಗೆಳತಿಯ ಮನೆಯವರದಾಗಿತ್ತು. ಎದುರಿಗೆ ಬಂದು ನಿಂತವರ ಕೈಯನ್ನು ದೂರದಿಂದಲೇ ನೋಡಿ ಅವಳು 'ಎರಡು ನಾಲ್ಕು', 'ಎರಡು ಆರು' ಎಂದು ಅಳತೆ ಹೇಳಿಬಿಡುತ್ತಿದ್ದಳು. ತಪ್ಪಿದ್ದನ್ನು ನಾನು ಕಂಡಿಲ್ಲ. ಜೋಗಮ್ಮ ಕೈ ಚಾಚಲಿ, ಸೀರೆಯುಟ್ಟ ಜೋಗಪ್ಪ ಕೈ ಚಾಚಲಿ, ಕಾರಿನಲ್ಲಿ ಬಂದ ಸಾಹುಕಾರರ ಮನೆಯ ಸೊಸೆ ಚಾಚಲಿ, ಅದೇ ಒತ್ತು, ಅದೇ ನಾಜೂಕು.

ಅವಳು ತೀರಿಕೊಂಡದ್ದು 2006ರಲ್ಲಿ, ಮೂವತ್ಮೂರನೆಯ ವಯಸ್ಸಿಗೆ. ಬೇನೆ ಏನೆಂದು ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. ವರ್ಷದ ತಿಥಿಗೆ ಒಂದು ಸಣ್ಣ ಪುಸ್ತಕ ಅಚ್ಚು ಹಾಕಿಸಿ ಬಂದವರಿಗೆ ಕೊಡಬೇಕೆಂದು ಅವಳ ತಂದೆ, ನಾನು ಕಾಕಾ ಎಂದು ಕರೆಯುತ್ತಿದ್ದವರು, ಆಸೆಪಟ್ಟರು. 'ನೀ ಓದಿದಾಕಿ, ನೀನ ಬರೀಬೇಕು ನೋಡವಾ' ಎಂದರು. ಪುಸ್ತಕದಲ್ಲಿ ಮೂರು ಭಾಗ: ಪ್ರೀತಿಯ ಮಗಳು, ಪ್ರೀತಿಯ ಅಕ್ಕ, ಪ್ರೀತಿಯ ಗೆಳತಿ. ಹೆಂಡತಿ ಎಂಬ ಭಾಗವಿರಲಿಲ್ಲ. ಮದುವೆಯಾದ ಎರಡನೆಯ ವರ್ಷಕ್ಕೇ ಅವಳು ತವರಿಗೆ ಮರಳಿದ್ದಳು, ಮತ್ತೆ ಹೋಗಲಿಲ್ಲ. ಆ ಭಾಗ ಏಕಿಲ್ಲವೆಂದು ಯಾರೂ ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಮೂರನೆಯ ಭಾಗ ನನ್ನದು. ಎರಡು ಪುಟ ಬರೆದೆ. ನಗುಮುಖದವಳು, ಯಾರ ಮನಸ್ಸನ್ನೂ ನೋಯಿಸದವಳು, ಹಿರಿಯರ ಮಾತು ಮೀರದವಳು. ಓದಿದವರು ಕಣ್ಣೊರೆಸಿಕೊಂಡರು. ನನಗೂ ಒಳಗೊಳಗೇ ಒಂದಿಷ್ಟು ಹೆಮ್ಮೆ ಎನಿಸಿದ್ದು ಸುಳ್ಳಲ್ಲ. ಅವಳ ತಾಯಿಗೆ ಓದಲು ಬರುವುದಿಲ್ಲ. ಮಗನ ಕೈಯಲ್ಲಿ ಪೂರ್ತಿ ಓದಿಸಿ ಕೇಳಿದ ಕಾಕಿ ನನ್ನನ್ನು ಕರೆದು, 'ಆಕಿ ಬೈಗುಳ ಒಂದೂ ಬರೀಲಿಲ್ಲಲ್ಲವಾ' ಎಂದಳು. ನಾನು ನಕ್ಕುಬಿಟ್ಟೆ. ಕಾಕಿ ನಗಲಿಲ್ಲ.

ಆ ಮಾತು ಮನಸ್ಸಿಗೆ ನಾಟಲು ಬಹಳ ವರ್ಷ ಬೇಕಾಯಿತು. ನಾಟಿಸಿದ್ದು ಕೊಡಗಿನ ಗೌರಮ್ಮನವರ ಕಥೆಗಳು.

ಗೌರಮ್ಮನವರ ಹೆಸರು ಬಂದಾಗಲೆಲ್ಲ ನಮ್ಮಲ್ಲಿ ಎರಡು ಮಾತು ತಪ್ಪದೆ ಬರುತ್ತವೆ. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ಅವರು ತಮ್ಮ ಮನೆಗೆ ಬರಲೇಬೇಕೆಂದು ಉಪವಾಸ ಕುಳಿತು, ಬಂದ ಮೇಲೆ ಮಾಂಗಲ್ಯ, ಓಲೆ, ಮೂಗುಬೊಟ್ಟು ಬಿಟ್ಟು ಉಳಿದ ಒಡವೆಯನ್ನೆಲ್ಲ ಹರಿಜನ ನಿಧಿಗೆ ಕೊಟ್ಟವರು ಎನ್ನುವುದು ಒಂದು. ಬೇಂದ್ರೆಯವರ ತಂಗಿ ಎನ್ನುವುದು ಇನ್ನೊಂದು. ಇದಾದ ಮೇಲೆ ಮೂರನೆಯದಾಗಿ, 1939ರ ಏಪ್ರಿಲ್ 13ರಂದು ಹೊಳೆಯಲ್ಲಿ ಈಜಲು ಹೋಗಿ ಮುಳುಗಿ ತೀರಿಕೊಂಡರು, ಆಗ ಅವರಿಗೆ ಇಪ್ಪತ್ತೇಳು ವರ್ಷ ಎಂಬ ಸಂಗತಿ ಬರುತ್ತದೆ. ಕೇಳಿದವರು 'ಅಯ್ಯೋ ಪಾಪ' ಎನ್ನುತ್ತಾರೆ. ಅವರು ಬರೆದ 21 ಕಥೆಗಳ ಮಾತು ಬರುವಷ್ಟರಲ್ಲಿ ಭಾಷಣದ ಹೊತ್ತು ಮುಗಿದಿರುತ್ತದೆ.

ಒಡವೆಯ ಪ್ರಸಂಗ ಸಣ್ಣದೆಂದು ನಾನು ಹೇಳುತ್ತಿಲ್ಲ. ಇಪ್ಪತ್ತೆರಡು ತುಂಬದ ಹುಡುಗಿ, ಗಂಡ ಕಾಫಿ ತೋಟವೊಂದರಲ್ಲಿ ಮ್ಯಾನೇಜರು, ತೋಟದ ಮಾಲೀಕರ ಮನೆಯಲ್ಲಿ ಗಾಂಧೀಜಿಯ ವಾಸ್ತವ್ಯ. ಮಾಲೀಕರ ಮನೆಗೆ ಬಂದವರನ್ನು ನನ್ನ ಮನೆಗೂ ಬಾ ಎನ್ನಲು ಎಂಥ ಎದೆಗಾರಿಕೆ ಬೇಕು! ಆದರೆ ನಾವು ಈ ಪ್ರಸಂಗವನ್ನು ಹೇಳುವಾಗ ಎದೆಗಾರಿಕೆಯನ್ನು ಬಿಟ್ಟು ತ್ಯಾಗವನ್ನಷ್ಟೇ ಎತ್ತಿಕೊಳ್ಳುತ್ತೇವೆ. ಸತ್ತ ಹೆಣ್ಣಿನ ಬಗ್ಗೆ ಮಾತಾಡುವಾಗ ಅವಳು ಏನು ಕೊಟ್ಟಳು ಎನ್ನುವುದು ನಮ್ಮ ಬಾಯಿಗೆ ಬೇಗ ಬರುತ್ತದೆ, ಅವಳು ಏನು ಕೇಳಿದಳು ಎನ್ನುವುದು ಬರುವುದಿಲ್ಲ.

ಇನ್ನು ತಂಗಿ ಎಂಬ ಮಾತು. ಬೇಂದ್ರೆಯವರು ಗೌರಮ್ಮನವರ ಕಥೆಗಳಿಗೆ ಮುನ್ನುಡಿ ಬರೆದರು, ಅವರು ಹೋದ ಮೇಲೆ 'ತಂಗಿ ಗೌರಮ್ಮ' ಎಂಬ ಕವಿತೆ ಬರೆದರು. ಮೊದಲು ನನಗೆ ಇದರ ಮೇಲೆ ಸಿಟ್ಟಿತ್ತು. ಒಬ್ಬ ಕಥೆಗಾರ ತೀರಿಕೊಂಡರೆ ಅವನನ್ನು ತಮ್ಮ ಎಂದು ಕರೆದು ಮುಗಿಸುತ್ತೇವೆಯೆ? ಕಥೆಗಾರ ಎನ್ನುತ್ತೇವೆ. ಹೆಣ್ಣಾದರೆ ಮಾತ್ರ ಯಾರ ಮಗಳು, ಯಾರ ತಂಗಿ ಎಂಬ ವಿಳಾಸ ಬೇಕೇ ಎಂದು ಒಂದು ಗೋಷ್ಠಿಯಲ್ಲಿ ನಾನೇ ಗಟ್ಟಿಯಾಗಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ.

ಈಗ ಆ ಸಿಟ್ಟು ಅಷ್ಟು ಸರಿ ಎನಿಸುವುದಿಲ್ಲ. ನಮ್ಮ ಕಡೆ ತಂಗಿ ಎನ್ನುವುದು ರಕ್ತಸಂಬಂಧದ ಹೆಸರಷ್ಟೇ ಅಲ್ಲ. ಬಸ್ಸಿನ ಕಂಡಕ್ಟರು 'ಮುಂದ ನಡೀ ತಂಗಿ' ಎನ್ನುತ್ತಾನೆ. ಕಾಯಿ ಮಾರುವ ಮುದುಕ 'ಎಷ್ಟು ಕೊಡ್ಲಿ ತಂಗಿ' ಎನ್ನುತ್ತಾನೆ. ಅಪರಿಚಿತ ಹೆಣ್ಣುಮಗಳನ್ನು ನಿಲ್ಲಿಸಿ ಮಾತಾಡಿಸಲು ನಮ್ಮ ಗಂಡಸರಿಗೆ ಇರುವ ಮರ್ಯಾದೆಯ ದಾರಿ ಅದೊಂದೇ. ಬೇಂದ್ರೆ ಧಾರವಾಡದವರು. ಅಂದಿನ ಧಾರವಾಡ ಮುಂಬಯಿ ಪ್ರಾಂತದಲ್ಲಿ, ಕೊಡಗು ಬ್ರಿಟಿಷರ ಕೈಕೆಳಗಿನ ಬೇರೆಯೇ ಪ್ರಾಂತ. ಅಲ್ಲಿನ ಒಬ್ಬ ಗೃಹಿಣಿ, ಇಲ್ಲಿನ ಒಬ್ಬ ಕವಿ. ಇಬ್ಬರೂ ಬರೆಯುವವರು ಎಂಬ ಒಂದೇ ಕಾರಣಕ್ಕೆ ಬಾಂಧವ್ಯ ಬೆಳೆಯಬೇಕಾದರೆ ಅದಕ್ಕೊಂದು ಹೆಸರು ಬೇಕಿತ್ತು. ಗಂಡು ಹೆಣ್ಣಿನ ನಡುವೆ ಸ್ನೇಹ ಎಂಬ ಶಬ್ದ ಆಗ ಚಲಾವಣೆಯಲ್ಲಿರಲಿಲ್ಲ. (ಈಗಲೂ ನಮ್ಮ ಊರುಗಳಲ್ಲಿ ಅದು ಅಷ್ಟೇನೂ ಚಲಾವಣೆಯಲ್ಲಿಲ್ಲ.) ತಂಗಿ ಎಂದ ಮೇಲೆ ಕಾಗದ ಬರೆಯಬಹುದು, ಕಥೆಯ ಬಗ್ಗೆ ಚರ್ಚೆ ಮಾಡಬಹುದು. ಅಲ್ಲದೆ ಬೇಂದ್ರೆ ಹೆತ್ತ ಮಕ್ಕಳನ್ನೇ ಒಬ್ಬೊಬ್ಬರಾಗಿ ಕಳೆದುಕೊಂಡವರು. ಆ ಬಾಯಲ್ಲಿ ಬಂದ ತಂಗಿ ಎಂಬ ಕರೆ ಬರೀ ಉಪಚಾರವಲ್ಲ. ತಪ್ಪು ಬೇಂದ್ರೆಯವರದಲ್ಲ. ಅವರು ಕಥೆಗಳನ್ನು ಓದಿ ತಂಗಿ ಎಂದರು. ನಾವು ತಂಗಿ ಎಂಬುದನ್ನು ಹಿಡಿದುಕೊಂಡು ಕಥೆಗಳನ್ನು ಓದುವುದನ್ನು ಬಿಟ್ಟೆವು.

ಗೌರಮ್ಮನವರು ತಾವೇ ಕಥೆಗಳ ಕೆಳಗೆ 'ಮಿಸೆಸ್ ಬಿ.ಟಿ.ಜಿ. ಕೃಷ್ಣ' ಎಂದು ಹೆಸರು ಹಾಕಿದ್ದುಂಟು. ಅಂದರೆ ಗಂಡನ ಹೆಸರು. ಆ ಹೆಸರಿನ ಮರೆಯಲ್ಲಿ ನಿಂತು ಅವರು ಬರೆದದ್ದಾದರೂ ಏನು? ಮೊದಲ ಕಥೆಯ ಹೆಸರು 'ಪುನರ್ವಿವಾಹ'. ಇನ್ನೊಂದರ ಹೆಸರು 'ಅಪರಾಧಿ ಯಾರು?'. ಹೆಸರಿನಲ್ಲೇ ಪ್ರಶ್ನೆಯ ಚಿಹ್ನೆ ಹಾಕಿ ಊರಿನ ಮುಂದೆ ಇಟ್ಟ ಹಾಗೆ. ಮರ್ಯಾದಸ್ಥರ ಮನೆಯ ಹೆಂಗಸು ಆಡಬಾರದ ಮಾತುಗಳೇ ಇವೆಲ್ಲ.

ನನಗೆ ಬಹಳ ಹಿಡಿಸಿದ್ದು 'ವಾಣಿಯ ಸಮಸ್ಯೆ'. ವಾಣಿಗೆ ಗಂಡನಿದ್ದಾನೆ, ಮನೆಯಿದೆ. ಎರಡರ ಮೇಲೂ ಅಷ್ಟು ಗಮನವಿಲ್ಲ. ಪಕ್ಕದ ಮನೆಯಲ್ಲಿ ಇಂದು ಎಂಬ ವಿಧವೆ. ವಾಣಿಯ ಮನೆಯನ್ನು ಓರಣ ಮಾಡುವ ಕೈ ಮೆಲ್ಲಗೆ ಇಂದುವಿನದಾಗುತ್ತದೆ. ಒಂದು ದಿನ ಇಂದು ಅಲ್ಲಿಂದ ಹೊರಟುಹೋಗುತ್ತಾಳೆ. ಏಕೆ ಹೋದಳು ಎನ್ನುವುದೇ ವಾಣಿಯ ಸಮಸ್ಯೆ. ಓದಿದ ನಮಗೆ ಉತ್ತರ ಗೊತ್ತು, ಪಾಪ, ವಾಣಿಗೆ ಗೊತ್ತಿಲ್ಲ. ಇಷ್ಟೇ ಕಥೆ. ಗಂಡನನ್ನು ಕಳೆದುಕೊಂಡವಳ ಮನಸ್ಸಿನಲ್ಲೂ ಆಸೆ ಇರುತ್ತದೆ ಎನ್ನುವುದನ್ನು ಲೇಖಕಿ ಕೂಗಿ ಹೇಳುವುದಿಲ್ಲ. ಇಂದುವನ್ನು ಕೆಟ್ಟವಳನ್ನಾಗಿ ಮಾಡುವುದಿಲ್ಲ, ದೇವತೆಯನ್ನಾಗಿಯೂ ಮಾಡುವುದಿಲ್ಲ. ಅಂದಿನ ಕಥೆಗಳಲ್ಲಿ ವಿಧವೆ ಎಂದರೆ ಕರುಣೆಗೆ ಪಾತ್ರಳಾಗಬೇಕು, ಇಲ್ಲವೆ ಕೆಡಬೇಕು. ಇಂದು ಇವೆರಡನ್ನೂ ಬಿಟ್ಟು ಬರೀ ಹೆಂಗಸಾಗಿ ನಿಲ್ಲುತ್ತಾಳೆ. ಇಂಥದನ್ನು ಬರೆದವರು ಇಪ್ಪತ್ತರ ಆಸುಪಾಸಿನ ಹುಡುಗಿ, ಟೆನ್ನಿಸ್ ಆಡುತ್ತಿದ್ದವರು, ಈಜುತ್ತಿದ್ದವರು. ಎಲ್ಲ ಕಥೆಗಳೂ ಹೀಗೆ ಗಟ್ಟಿಯಾಗಿವೆ ಎನ್ನಲಾರೆ. ಕೆಲವು ಕಡೆ ಆಕಸ್ಮಿಕಗಳು ಹೆಚ್ಚಾಗಿ ಕಥೆ ಸಡಿಲಾಗುತ್ತದೆ, ಕಣ್ಣೀರು ಬೇಗ ಬರುತ್ತದೆ. ಈ ಮಾತನ್ನು ಹೇಳುವವರು ಕಡಿಮೆ. 'ತಂಗಿ'ಯ ತಪ್ಪನ್ನು ಎತ್ತಿ ಆಡುವುದು ಹೇಗೆ? ತಪ್ಪು ಹುಡುಕುವಷ್ಟು ಹತ್ತಿರದಿಂದ ಓದುವುದೇ ಒಬ್ಬ ಲೇಖಕಿಗೆ ನಾವು ಸಲ್ಲಿಸಬಹುದಾದ ಗೌರವ ಎಂದು ನನಗನ್ನಿಸುತ್ತದೆ.

ಗೌರಮ್ಮನವರ 'ಚಿಗುರು' ಹೊರಬಂದದ್ದು 1942ರಲ್ಲಿ, ಅವರು ಹೋಗಿ ಮೂರು ವರ್ಷಕ್ಕೆ. ಮಡಿಕೇರಿಯವರೇ ಆದ ದೀಪಾ ಭಾಸ್ತಿ ಈ ಕಥೆಗಳನ್ನು ಇಂಗ್ಲಿಷಿಗೆ ಅನುವಾದಿಸಿದ ಪುಸ್ತಕ 2023ರಲ್ಲಿ ಬಂತು. ಒಂದೊಂದು ವಾಕ್ಯವನ್ನೂ ಎತ್ತಿ ಇನ್ನೊಂದು ಭಾಷೆಯಲ್ಲಿ ಇಡಬೇಕಾದವರು ಲೇಖಕಿಯನ್ನು ಬರೀ ಪ್ರೀತಿಸಿದರೆ ಸಾಲದು, ಅವರ ಜೊತೆ ಜಗಳವನ್ನೂ ಆಡಬೇಕಾಗುತ್ತದೆ. ತ್ರಿವೇಣಿಯವರ ಮಾತು ನೋಡಿ. 1963ರಲ್ಲಿ ಮಗಳು ಹುಟ್ಟಿದ ಕೆಲವೇ ದಿನಗಳಲ್ಲಿ ಅವರೂ ಹೋಗಿಬಿಟ್ಟರು. ಅವರನ್ನು ಯಾರ ತಂಗಿಯೆಂದು ನಾವು ನೆನೆಯುವುದಿಲ್ಲ. 'ಶರಪಂಜರ'ದ ಕಾವೇರಿ ನಮ್ಮ ಮನೆಗಳಲ್ಲಿ ಇನ್ನೂ ಓಡಾಡಿಕೊಂಡಿದ್ದಾಳೆ, ಅದೇ ಸಾಕಾಗಿದೆ. ಸಿನಿಮಾ ಬಂದದ್ದರ ಪಾಲೂ ಅದರಲ್ಲಿ ಇದೆಯೆನ್ನಿ.

ಕಾಕಿಯ ಮಾತಿಗೆ ಬರುತ್ತೇನೆ. ನಾನು ಬರೆಯದೆ ಬಿಟ್ಟ ಬೈಗುಳ ಯಾವುದೆಂದು ನನಗೆ ಚೆನ್ನಾಗಿ ಗೊತ್ತಿತ್ತು. 1998ರ ಭಾರತ ಹುಣ್ಣಿಮೆ. ದೂರದ ಊರಿನ ಒಂದು ಮನೆಯವರು ಅಂಗಡಿಯ ಹಿಂದಿನ ಖೋಲಿಯಲ್ಲಿ ಇಳಿದುಕೊಂಡಿದ್ದರು. ಜೊತೆಗೆ ಹತ್ತು ಹನ್ನೊಂದರ ಹುಡುಗಿ. ಅವಳಿಗೆ ಹಸಿರು ಬಳೆ ಇಡಿಸಲು ಅಂಗಡಿಗೆ ಬಂದರು. ಅವರು ಆಡಿಕೊಳ್ಳುತ್ತಿದ್ದ ಮಾತಿನಿಂದ ಹುಡುಗಿಗೆ ಮುತ್ತು ಕಟ್ಟಲು ಕರೆತಂದಿದ್ದಾರೆಂದು ನನ್ನ ಗೆಳತಿಗೆ ತಿಳಿಯಿತು. ಹಾಗೆ ದೇವರಿಗೆ ಬಿಡುವುದನ್ನು ಸರ್ಕಾರ ಕಾಯ್ದೆ ಮಾಡಿ ನಿಲ್ಲಿಸಿದ್ದು 1982ರಲ್ಲಿ. ಕಾಯ್ದೆಯ ಮಾತು ಖೋಲಿಗಳ ಒಳಗೆ ಹೋಗುತ್ತಿರಲಿಲ್ಲ. ಅವಳು ಹುಡುಗಿಯ ಕೈ ಬಿಟ್ಟಳು. 'ಈ ಕೈಗೆ ನಾ ಬಳಿ ಇಡೂದಿಲ್ಲ' ಎಂದಳು. ಆಮೇಲೆ ಆಡಿದ ಮಾತುಗಳನ್ನು ನಾನು ಇಲ್ಲಿಯೂ ಬರೆಯಲಾರೆ. ಜನ ಸೇರಿದರು. ಅವಳು ಹುಡುಗಿಯ ಸೋದರಮಾವನ ಕೊರಳಪಟ್ಟಿ ಹಿಡಿದಿದ್ದಳು. ಬಿಡಿಸಲು ಹೋದವರಲ್ಲಿ ನಾನೂ ಒಬ್ಬಳು, ಅವಳಿಗಾಗಿ ಅಲ್ಲ, ನಾಚಿಕೆಯಿಂದ. ಕಾಕಾ ಮೂರು ದಿನ ಅಂಗಡಿ ಮುಚ್ಚಬೇಕಾಯಿತು. ಹುಣ್ಣಿಮೆಯ ವ್ಯಾಪಾರವೆಲ್ಲ ಹೋಯಿತು. ಆ ಮನೆಯವರು ಹುಡುಗಿಯನ್ನು ಕರೆದುಕೊಂಡು ರಾತ್ರಿಯ ಗಾಡಿಗೆ ಹೊರಟುಹೋದರು. ಮುಂದೆ ಅವಳ ಬಾಳು ಏನಾಯಿತೋ ತಿಳಿಯದು. ನನ್ನ ಗೆಳತಿ ಕಡೆಯವರೆಗೂ, ಪ್ರತಿ ಹುಣ್ಣಿಮೆಗೆ, ಬರುವ ಹುಡುಗಿಯರ ಮುಖ ನೋಡುತ್ತಿದ್ದಳು.

'ಯಾರ ಮನಸ್ಸನ್ನೂ ನೋಯಿಸದವಳು' ಎಂದು ಬರೆಯುವಾಗ ಇದೆಲ್ಲ ನನ್ನ ಕಣ್ಣ ಮುಂದೆಯೇ ಇತ್ತು. ಕಾಕಾನಿಗೆ ನೋವಾಗಬಾರದು, ಊರವರು ಮತ್ತೆ ಮಾತಾಡಿಕೊಳ್ಳಬಾರದು ಎಂದುಕೊಂಡೆ. ಗಂಡನ ಮನೆ ಬಿಟ್ಟು ಬಂದವಳು, ಅದರ ಮೇಲೆ ಜಗಳಗಂಟಿ ಎನ್ನಿಸಿಕೊಳ್ಳುವುದು ಬೇಡ ಎಂದುಕೊಂಡೆ. ಅವಳ ಹೆಸರನ್ನು ಕಾಪಾಡುತ್ತಿದ್ದೇನೆ ಎಂದೇ ನಂಬಿದ್ದೆ. ಓದು ಬಾರದ ಕಾಕಿಗೆ ಮಾತ್ರ ಆ ಎರಡು ಪುಟಗಳಲ್ಲಿ ತನ್ನ ಮಗಳು ಸಿಗಲಿಲ್ಲ.

ಕಾಕಾ ಈಗಿಲ್ಲ. ಅಂಗಡಿಯನ್ನು ತಮ್ಮ ನೋಡಿಕೊಳ್ಳುತ್ತಾನೆ. ಹೋದ ಬೇಸಿಗೆ ಜಾತ್ರೆಗೆ ಊರಿಗೆ ಹೋಗಿದ್ದಾಗ, ಬಾಳೆದಂಡಿಗೆಯ ಮರುದಿನ ಮಧ್ಯಾಹ್ನ, ಕಾಕಿಯ ಪಕ್ಕದಲ್ಲಿ ಕುಳಿತು 'ವಾಣಿಯ ಸಮಸ್ಯೆ'ಯನ್ನು ಓದಿ ಹೇಳಿದೆ. ಕಾಕಿ ಅಳತೆಯ ಪ್ರಕಾರ ಬಳೆಗಳನ್ನು ವಿಂಗಡಿಸಿ ದಾರಕ್ಕೆ ಪೋಣಿಸುತ್ತಿದ್ದವಳು, ನಡುವೆ ಒಮ್ಮೆ ಕೈ ನಿಲ್ಲಿಸಿದ್ದನ್ನು ಕಂಡೆ. ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದಳು.

'ಆ ಇಂದು ಮುಂದ ಎಲ್ಲಿಗಿ ಹೋದ್ಲು?'

'ಅದನ್ನ ಬರದಿಲ್ಲ ಕಾಕಿ.'

'ಬರೀಬೇಕಿತ್ತು' ಎಂದಳು ಕಾಕಿ, ಎರಡು ನಾಲ್ಕರ ಡಜನ್ನು ಗಂಟು ಹಾಕುತ್ತ.