ಭಯಾನಕ–ಹಾಸ್ಯಗಳ ಸಹವಾಸ: ಘಟ್ಟದ ಮೇಲಣ ಪ್ರೇಕ್ಷಕನೂ ಕೆಲವು ಚಲಚ್ಚಿತ್ರಗಳೂ

ಹಾಸ್ಯರಸಕ್ಕೆ ಪ್ರಮಥರು ಅಧಿದೇವತೆಗಳೆಂದು ಭರತನು ನಾಟ್ಯಶಾಸ್ತ್ರದಲ್ಲಿ ಹೇಳಿದ್ದಾನೆ. ಪ್ರಮಥರೆಂದರೆ ಶಿವನ ಭೂತಗಣ. ನಗೆಗೆ ಭೂತಗಳನ್ನು ಒಡೆಯರನ್ನಾಗಿಸಿದ ಈ ಪರಂಪರೆಯೇ ಕಾಲಾಂತರದಲ್ಲಿ, ವಿಶ್ವನಾಥನ ಸಾಹಿತ್ಯದರ್ಪಣಕ್ಕೆ ಬರುವ ವೇಳೆಗೆ, ಹಾಸ್ಯಕ್ಕೆ ಕರುಣವೂ ಭಯಾನಕವೂ ವಿರೋಧಿಗಳೆಂದು ವಿಧಿಸಿತು. ಇನ್ನೊಂದು ವಿಚಿತ್ರವನ್ನೂ ಇಲ್ಲಿ ಗಮನಿಸಬೇಕು. ಹಾಸ್ಯವು ಹೆಚ್ಚಾಗಿ ಸ್ತ್ರೀಯರಲ್ಲಿಯೂ ನೀಚಪ್ರಕೃತಿಯವರಲ್ಲಿಯೂ ಕಾಣುವುದೆಂದು ಭರತನ ಮತ. ಭಯಾನಕದ ಆಶ್ರಯವೂ ಅವರೇ ಎಂದು ವಿಶ್ವನಾಥನ ಮತ. ಒಂದೇ ಮನೆಯಲ್ಲಿ ಇರಿಸಿದ ಎರಡು ರಸಗಳನ್ನು ಪರಸ್ಪರ ಶತ್ರುಗಳೆಂದರೆ ಆ ಮನೆಯ ಗತಿಯೇನು? ಈ ಪ್ರಶ್ನೆಯನ್ನು ನಮ್ಮ ಲಾಕ್ಷಣಿಕರು ಇಷ್ಟು ನೇರವಾಗಿ ಎತ್ತಿಕೊಂಡಂತೆ ತೋರುವುದಿಲ್ಲ. ದೆವ್ವದ ಕಥೆಯನ್ನೂ ನಗೆಯನ್ನೂ ಕೂಡಿಸುವ ಇಂದಿನ ಚಲಚ್ಚಿತ್ರಗಳು ಇದನ್ನು ನಮ್ಮ ಮುಂದೆ ಮತ್ತೆ ತಂದಿರಿಸಿವೆ.

ಪ್ರೌಢ ಪ್ರೇಕ್ಷಕರಿಗೆ ಯೋಗ್ಯವಾದ ಇಂತಹ ಚಿತ್ರಗಳು ಯಾವುವು ಎಂಬುದು ಪ್ರಕೃತ ವಿಚಾರ. ಪ್ರೌಢವೆಂಬ ಮಾತನ್ನು ಇಲ್ಲಿ ಸೆನ್ಸಾರ್ ಮಂಡಳಿಯ ಪ್ರಮಾಣಪತ್ರದ ಅರ್ಥದಲ್ಲಿ ಬಳಸಿಲ್ಲ. ರಕ್ತವೂ ಅಶ್ಲೀಲವೂ ಹೆಚ್ಚಾದ ಮಾತ್ರಕ್ಕೆ ಚಿತ್ರವೊಂದು ಪ್ರೌಢವಾಗುವುದಿಲ್ಲ. ಅನೇಕ ವೇಳೆ ಅದು ಮತ್ತಷ್ಟು ಬಾಲಿಶವಾಗುತ್ತದೆ. ತಾನು ನಕ್ಕುದೇಕೆಂದು ಮರುದಿನ ಕೇಳಿಕೊಳ್ಳಬಲ್ಲವನೇ ಇಲ್ಲಿ ಪ್ರೌಢ ಪ್ರೇಕ್ಷಕ.

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಪ್ರೇಕ್ಷಕನಿಗೆ ಈ ಮಿಶ್ರಣ ಹೊಸದಲ್ಲ. ಇಡೀ ರಾತ್ರಿಯ ಬಯಲಾಟದಲ್ಲಿ ದೀವಟಿಗೆಗೆ ರಾಳದ ಪುಡಿ ಎರಚಿ ಎಬ್ಬಿಸಿದ ಉರಿಯ ನಡುವೆ ರಾಕ್ಷಸವೇಷವು ಅಬ್ಬರಿಸಿ ಬರುವಾಗ ತಾಯಿಯ ಮಡಿಲಲ್ಲಿ ಮಲಗಿದ್ದ ಮಗು ಬೆಚ್ಚಿ ಅಳುತ್ತದೆ. ಆ ಅಳುವನ್ನು ಕಂಡು ದೊಡ್ಡವರು ನಗುತ್ತಾರೆ. 'ಪಂಚವಟಿ' ಪ್ರಸಂಗದ ಘೋರ ಶೂರ್ಪನಖಿ ಮಾಯಾರೂಪವನ್ನು ತಾಳಿ ರಾಮನ ಮುಂದೆ ವೈಯಾರದಿಂದ ನಿಂತಾಗಲೂ ನಗೆಯೇ. ಆದರೆ ಆ ನಗೆಯ ಕೊನೆಗೆ ಮೂಗು ಮೊಲೆಗಳ ಛೇದನವಿದೆಯೆಂದು ಸಭೆ ಬಲ್ಲದು. ಗೊತ್ತಿದ್ದೂ ನಗುವುದು, ನಗುತ್ತಲೇ ಮೈ ಜುಮ್ಮೆನ್ನುವುದು—ಇದು ಇಲ್ಲಿಯವರ ಅಭ್ಯಾಸ.

ಇದಕ್ಕಿಂತಲೂ ಸ್ಪಷ್ಟವಾದ ನಿದರ್ಶನ ಶಿರಸಿಯ ಬೇಡರ ವೇಷ. ಎರಡು ವರ್ಷಕ್ಕೊಮ್ಮೆ, ಮಾರಿಕಾಂಬಾ ಜಾತ್ರೆ ಇಲ್ಲದ ವರ್ಷದಲ್ಲಿ, ಹೋಳಿ ಹುಣ್ಣಿಮೆಗೆ ಮುಂಚಿನ ರಾತ್ರಿಗಳಲ್ಲಿ ತಮಟೆಯ ಬಡಿತಕ್ಕೆ ಕುಣಿಯುತ್ತ ಬೇಡನು ಬೀದಿಗಿಳಿಯುತ್ತಾನೆ. ಕೆಂಪು ಬಳಿದ ಮುಖ, ದಪ್ಪ ಮೀಸೆ, ಬೆನ್ನಿಗೆ ನವಿಲುಗರಿ, ಕೈಯಲ್ಲಿ ಕತ್ತಿ ಗುರಾಣಿ. ಅವನು ಜನರ ಮೇಲೆ ನುಗ್ಗದಂತೆ ಹಿಂದಿನಿಂದ ಇಬ್ಬರು ಹಗ್ಗ ಹಿಡಿದಿರುತ್ತಾರೆ. ನುಗ್ಗಿದೊಡನೆ ಜನ ಚೀರಿ ಹಿಂದಕ್ಕೆ ಸರಿಯುತ್ತಾರೆ; ಹಗ್ಗ ಬಿಗಿದೊಡನೆ ನಗುತ್ತ ಮುಂದಕ್ಕೆ ಬರುತ್ತಾರೆ. ಇದರ ಹಿಂದಿನ ಐತಿಹ್ಯವಾದರೋ ನಗೆಯದಲ್ಲ. ಮಲ್ಲೇಶಿ ಎಂಬ ಶೂರನು ಮದವೇರಿ ಹೆಣ್ಣುಮಕ್ಕಳನ್ನು ಕಾಡತೊಡಗಿದನೆಂದೂ, ರುದ್ರಾಂಬಿಕೆ ಎಂಬ ಹೆಣ್ಣು ಅವನನ್ನು ಕೊನೆಗಾಣಿಸಲೆಂದೇ ಮದುವೆಯಾಗಿ ಹೋಳಿಯ ಕುಣಿತದ ನಡುವೆ ಅವನ ಕಣ್ಣಿಗೆ ಆಮ್ಲ ಎರಚಿದಳೆಂದೂ, ಅವನನ್ನು ಸುಟ್ಟ ಮೇಲೆ ತಾನೂ ಚಿತೆಯೇರಿದಳೆಂದೂ ಹೇಳುತ್ತಾರೆ. ಬೀದಿಯ ಸಂಭ್ರಮದ ತಳದಲ್ಲಿ ಹೆಣ್ಣೊಬ್ಬಳ ಸಂಕಟ ಕುಳಿತಿದೆ. ಭಯದ ಹಗ್ಗವನ್ನು ಯಾರು ಹಿಡಿದಿದ್ದಾರೆ, ಅದರ ತಳದಲ್ಲಿ ಯಾರಿದ್ದಾರೆ ಎಂಬ ಎರಡು ಪ್ರಶ್ನೆಗಳನ್ನು ಚಿತ್ರಗಳಿಗೂ ಹಾಕಿ ನೋಡಬಹುದು.

ರಸವಿರೋಧದ ಪರಿಹಾರಕ್ಕೆ ಆನಂದವರ್ಧನನು ಧ್ವನ್ಯಾಲೋಕದ ಮೂರನೆಯ ಉದ್ದ್ಯೋತದಲ್ಲಿ ತೋರಿದ ಉಪಾಯಗಳಲ್ಲೊಂದು ಆಶ್ರಯಭೇದ. ವೀರವನ್ನು ನಾಯಕನಲ್ಲಿಯೂ ಭಯವನ್ನು ಪ್ರತಿನಾಯಕನಲ್ಲಿಯೂ ಇರಿಸಿದರೆ ಘರ್ಷಣೆಯಿಲ್ಲ. ಸಾಧಾರಣವಾದ ದೆವ್ವದ ನಗೆಚಿತ್ರಗಳೆಲ್ಲ ಈ ಉಪಾಯವನ್ನು ಅತ್ಯಂತ ಸ್ಥೂಲವಾಗಿ ಬಳಸುತ್ತವೆ: ಹೆದರುವವನು ಪಾತ್ರ, ನಗುವವನು ಪ್ರೇಕ್ಷಕ. ಪಂಚೆ ಕಳಚಿ ಓಡುವ ಅಡುಗೆಯವನು, ತಲೆದಿಂಬನ್ನು ಕಂಡು ಚೀರುವ ಮಾವ—ಇಂತಹವನ್ನು ವಿವರಿಸುವ ಅಗತ್ಯವಿಲ್ಲ.

2004ರ 'ಆಪ್ತಮಿತ್ರ' ಇವಕ್ಕಿಂತ ಮೇಲಿನದು. 1993ರ ಮಲಯಾಳ ಚಿತ್ರ 'ಮಣಿಚಿತ್ರತ್ತಾಳ್' ಇದರ ಮೂಲ, ಪಿ. ವಾಸು ನಿರ್ದೇಶಕರು, ದ್ವಾರಕೀಶ್ ನಿರ್ಮಾಪಕರು. ಹಳೆಯ ಮನೆಯ ನಾಗವಲ್ಲಿಯ ಭಯವು ಗಂಗಾ ಎಂಬ ಗೃಹಿಣಿಯ ಮನಸ್ಸಿನಿಂದಲೇ ಹುಟ್ಟಿದುದೆಂಬ ತಿರುವು ಗಂಭೀರವಾದುದು. ಆದರೆ ನಗೆಯೂ ಭಯವೂ ಇಲ್ಲಿ ಬೇರೆ ಬೇರೆ ಕೋಣೆಗಳಲ್ಲಿ ವಾಸಿಸುತ್ತವೆ. ಭಯವು ಬಲಿತಂತೆ ನಗೆಯನ್ನು ಹೊರಗೆ ಕಳುಹಿಸಿ ಬಾಗಿಲು ಹಾಕಲಾಗುತ್ತದೆ. ಗಂಗಾಳ ಪಾತ್ರ ವಹಿಸಿದ ಸೌಂದರ್ಯ ಆ ವರ್ಷದ ಏಪ್ರಿಲಿನಲ್ಲಿ ವಿಮಾನಾಪಘಾತದಲ್ಲಿ ತೀರಿಕೊಂಡರು; ಚಿತ್ರ ತೆರೆ ಕಂಡದ್ದು ಆಗಸ್ಟಿನಲ್ಲಿ. ಅಂದಿನ ಪ್ರೇಕ್ಷಕರು ನಾಗವಲ್ಲಿಯ ನೃತ್ಯದಲ್ಲಿ ಕಂಡುದು ಕೇವಲ ಕಥೆಯ ಪ್ರೇತವನ್ನಲ್ಲ. ಚಿತ್ರದ ಪ್ರಭಾವದಲ್ಲಿ ಈ ಶೋಕದ ಪಾಲೆಷ್ಟೆಂದು ವಿಂಗಡಿಸುವುದು ಕಷ್ಟ.

ಹಿಂದಿಯ 'ಸ್ತ್ರೀ' (2018) ನಮಗೆ ಎರಡು ಕಾರಣಗಳಿಂದ ಮುಖ್ಯ. ಬೆಂಗಳೂರು ಮೊದಲಾದೆಡೆ 1990ರ ದಶಕದಲ್ಲಿ ಮನೆಯ ಬಾಗಿಲುಗಳ ಮೇಲೆ 'ನಾಳೆ ಬಾ' ಎಂದು ಬರೆದು ದೆವ್ವವನ್ನು ಹಿಂದಕ್ಕೆ ಕಳುಹಿಸುತ್ತಿದ್ದುದು ಅನೇಕರ ನೆನಪಿನಲ್ಲಿದೆ. ಆ ಕನ್ನಡ ವದಂತಿಯನ್ನೇ ಚಂದೇರಿ ಪಟ್ಟಣಕ್ಕೆ ಒಯ್ದ ಕಥೆಯಿದು. ಎರಡನೆಯದಾಗಿ, ಭಯವು ಸ್ತ್ರೀಪ್ರಕೃತಿಯದೆಂಬ ಹಳೆಯ ಮಾತನ್ನು ಇದು ತಲೆಕೆಳಗು ಮಾಡುತ್ತದೆ. ರಾತ್ರಿ ಹೊರಗೆ ಕಾಲಿಡಲು ಗಂಡಸರು ನಡುಗುತ್ತಾರೆ, ಸೀರೆಯುಟ್ಟು ಪಾರಾಗಲು ನೋಡುತ್ತಾರೆ. ನಾವು ನಗುತ್ತೇವೆ, ಹೆಂಗಸರು ದಿನವೂ ಹೊರುವ ಭಯವನ್ನು ಗಂಡಸರ ಹೆಗಲಿಗೆ ವರ್ಗಾಯಿಸಿದೊಡನೆ ಅದು ನಗೆಯಾಗುವುದೇಕೆಂಬ ಪ್ರಶ್ನೆ ಆ ಬಳಿಕ ಏಳುತ್ತದೆ.

ಕನ್ನಡದಲ್ಲಿ ಈ ಪ್ರಶ್ನೆಯನ್ನು ಅತ್ಯಂತ ಸಮೀಪದಿಂದ ಮುಟ್ಟಿದ ಚಿತ್ರ 2025ರ ಜುಲೈನಲ್ಲಿ ತೆರೆಕಂಡ 'ಸು ಫ್ರಮ್ ಸೋ'. ಬರೆದು ನಿರ್ದೇಶಿಸಿ ಅಶೋಕನ ಪಾತ್ರವನ್ನೂ ವಹಿಸಿದವರು ಜೆ. ಪಿ. ತುಮಿನಾಡು. ಕರಾವಳಿಯ ಹಳ್ಳಿಯೊಂದರಲ್ಲಿ ಬಚ್ಚಲಿಗೆ ಇಣುಕಿ ಸಿಕ್ಕಿಬಿದ್ದ ತರುಣನು ನಾಚಿಕೆಗೇಡಿನಿಂದ ತಪ್ಪಿಸಿಕೊಳ್ಳಲು ಮೈಮೇಲೆ ದೆವ್ವ ಬಂದಂತೆ ನಟಿಸುತ್ತಾನೆ. ಸೋಮೇಶ್ವರದ ಸುಲೋಚನ ಎಂಬ ಹೆಸರು ಹುಟ್ಟುತ್ತದೆ. ಇಲ್ಲಿ ದೆವ್ವವಿಲ್ಲವೆಂದು ಪ್ರೇಕ್ಷಕನಿಗೆ ಮೊದಲಿನಿಂದಲೂ ಗೊತ್ತು. ಊರು ಹೆದರುತ್ತದೆ, ನಾವು ನಗುತ್ತೇವೆ. ರವಿಯಣ್ಣನ ಹಿರಿತನವಾಗಲಿ, ರಾಜ್ ಬಿ. ಶೆಟ್ಟಿ ಅಭಿನಯಿಸಿದ ಕರುಣಾಕರ ಗುರೂಜಿಯ ಗಾಂಭೀರ್ಯವಾಗಲಿ ಆಶ್ರಯಭೇದದ ಹಳೆಯ ಉಪಾಯದ ಮೇಲೆಯೇ ನಿಂತಿವೆ. (ಘಟ್ಟದ ಮೇಲಿನವರು ಮಂಗಳೂರು ಕಡೆಯ ಮಾತಿನ ಧಾಟಿಗೇ ನಗುವುದುಂಟು. ಆ ನಗೆಯನ್ನು ಚಿತ್ರದ ಗುಣಕ್ಕೆ ಜಮೆ ಮಾಡಬಾರದು.)

ಆದರೆ ಸುಲೋಚನ ಕೇವಲ ಹೆಸರಲ್ಲ, ಬದುಕಿ ಸತ್ತ ಹೆಂಗಸು; ಅವಳಿಗೆ ಭಾನು ಎಂಬ ಮಗಳಿದ್ದಾಳೆ. ತಾಯಿಯೊಡನೆ ಮಾತಾಡಬಹುದೆಂಬ ಆಸೆಯಿಂದ ಆ ಮಗಳು ಬಂದು ನಿಂತಾಗ ಇಡೀ ನಗೆಯ ಲೆಕ್ಕ ಬದಲಾಗುತ್ತದೆ. ಅಶೋಕನಿಗೆ ಈಗ ನಿಜವಾದ ಭಯ ಹುಟ್ಟುತ್ತದೆ. ದೆವ್ವದ ಭಯವಲ್ಲ, ಎದುರಿಗಿರುವ ಜೀವಂತ ಮುಖದ ಭಯ. ಪ್ರೇಕ್ಷಕನೂ ಅದರಿಂದ ಹೊರಗುಳಿಯಲಾರ, ಏಕೆಂದರೆ ಆ ಹೆಸರಿಗೆ ಅಷ್ಟು ಹೊತ್ತು ನಕ್ಕವನು ಅವನೇ. ವಿಶ್ವನಾಥನು ಹಾಸ್ಯಕ್ಕೆ ವಿರೋಧಿಗಳೆಂದ ಕರುಣ ಭಯಾನಕಗಳೆರಡೂ ಒಬ್ಬನಲ್ಲೇ, ಒಂದೇ ಗಳಿಗೆಯಲ್ಲಿ ಕೂಡುತ್ತವೆ. ಹಾಸ್ಯವು ಸಾಯುವುದಿಲ್ಲ, ಗಂಟಲಲ್ಲಿ ನಿಲ್ಲುತ್ತದೆ. ಸಂಸ್ಕೃತದ 'ಭಗವದಜ್ಜುಕೀಯಂ' ಪ್ರಹಸನದಲ್ಲಿ ಯೋಗಿಯ ಜೀವವು ಸತ್ತ ಗಣಿಕೆಯ ದೇಹವನ್ನು ಹೊಕ್ಕು ಮಾತಾಡುವಾಗ ನಗೆ ಉಕ್ಕುತ್ತದೆ. ಅಲ್ಲಿ ಯಮದೂತನು ಜೀವಗಳನ್ನು ಮರಳಿ ಸ್ವಸ್ಥಾನಕ್ಕೆ ಸೇರಿಸಿದೊಡನೆ ಎಲ್ಲವೂ ಸರಿಹೋಗುತ್ತದೆ. ಸುಲೋಚನ ಮರಳುವಂತಿಲ್ಲ. ಈ ಒಂದು ಕಾರಣದಿಂದ ಕನ್ನಡ ಚಿತ್ರದ ಹೊರೆ ಹೆಚ್ಚು ಭಾರವಾದುದು.

ಚಿತ್ರಕ್ಕೆ ಕೊರತೆಯಿಲ್ಲವೆಂದಲ್ಲ. ಭಾನುವಿನ ಸಂಕಟ ಪರಿಹಾರಕ್ಕೆ ಅಶೋಕನ ಸುಳ್ಳೇ ಸಾಧನವಾಗುವುದು ಚಮತ್ಕಾರವಾಗಿದೆ, ಆದರೆ ಅದರಿಂದ ಅವನ ಲೆಕ್ಕ ಬಲು ಅಗ್ಗವಾಗಿ ತೀರುತ್ತದೆ. ತಾಯಿಯನ್ನು ಕಳೆದುಕೊಂಡ ಮಗಳಿಗೆ ಸಲ್ಲುವ ನ್ಯಾಯವು ಬಚ್ಚಲಿನೊಳಗಿದ್ದ ಹೆಂಗಸಿಗೆ ಸಲ್ಲುವುದಿಲ್ಲ. ಇಣುಕಿದ ಕಣ್ಣನ್ನು ಕಥೆ ಹುಡುಗತನವೆಂದು ಕ್ಷಮಿಸಿ ಮುಂದೆ ಸಾಗುತ್ತದೆ. ಶಿರಸಿಯ ಐತಿಹ್ಯವು ಈ ವಿಷಯದಲ್ಲಿ ಹೆಚ್ಚು ನಿಷ್ಠುರ: ರುದ್ರಾಂಬಿಕೆ ಹುಡುಕಿದುದು ಮಲ್ಲೇಶಿಯ ಕಣ್ಣುಗಳನ್ನೇ.