ಟಿ-ಮ್ಯಾಕ್ಸ್: ಪೆಟ್ಟಿಗೆ ಬಿಚ್ಚಿದ ಮೇಲಿನ ಖರ್ಚು

1999ರಲ್ಲಿ ಟೆಕ್ಸಾಸಿನ ಟ್ರ್ಯಾಕ್ಸಸ್ ಕಂಪನಿ ಟಿ-ಮ್ಯಾಕ್ಸ್ ಎಂಬ ರಿಮೋಟ್ ಕಂಟ್ರೋಲಿನ ಪುಟ್ಟ ನೈಟ್ರೋ ಟ್ರಕ್ಕನ್ನು ಹೊರತಂದಾಗ ಅದರ ಬೆನ್ನಿಗೇ ಇನ್ನೊಂದು ವ್ಯಾಪಾರ ಬೆಳೆಯಿತು. ಅದು ಈ ಟ್ರಕ್ಕಿಗೆ ತೊಡಿಸುವ ಒಡವೆಗಳ ವ್ಯಾಪಾರ. ನೀಲಿ, ನೇರಳೆ ಬಣ್ಣದ ಅಲ್ಯೂಮಿನಿಯಂ ತೋಳುಗಳು, ಉಕ್ಕಿನ ಗೇರು, ಥಳಥಳಿಸುವ ಪೈಪು. ಹೊಸದಾಗಿ ಕೊಂಡವನ ಕೈ ಮೊದಲು ಹೋಗುವುದು ಅತ್ತಲೇ. ಟ್ರಕ್ಕಿಗೆ ನಿಜವಾಗಿ ಬೇಕಾದ ಖರ್ಚಿನಲ್ಲಿ ಒಂದೂ ಕಣ್ಣಿಗೆ ಬೀಳುವಂಥದ್ದಲ್ಲ.

ಯಂತ್ರದ ಬಗ್ಗೆ ದೂರಿಲ್ಲ. ನಾಲ್ಕೂ ಚಕ್ರಕ್ಕೆ ಎಳೆತ, ತಾನಾಗಿ ಬದಲಾಗುವ ಎರಡು ಗೇರು, ಹಿಂದಕ್ಕೆ ಓಡಲು ರಿವರ್ಸು, ಚಕ್ರಕ್ಕೆ ಎರಡರಂತೆ ಎಂಟು ಶಾಕ್ ಅಬ್ಸಾರ್ಬರು. ಆಮೇಲೆ ಬಂದ 3.3 ಸಿಸಿ ಇಂಜಿನ್ನಿನ ಟ್ರಕ್ಕು ಗಂಟೆಗೆ 70 ಕಿಲೋಮೀಟರಿನ ಆಸುಪಾಸು ಓಡುತ್ತದೆ. ಮೈಸೂರಿನ ಯೆಜ್ಡಿ ಓಡಿಸಿದವರಿಗೆ ಇದರ ಸ್ವಭಾವ ಅಪರಿಚಿತವಲ್ಲ: ಇದೂ ಟೂ ಸ್ಟ್ರೋಕು, ಎಣ್ಣೆ ಇಂಧನದಲ್ಲೇ ಬೆರೆತಿರುತ್ತದೆ. ಆದರೆ ಇಂಧನ ಪೆಟ್ರೋಲಲ್ಲ, ಮೆಥನಾಲು. ಅದಕ್ಕೆ ನೂರಕ್ಕೆ 10ರಿಂದ 33ರಷ್ಟು ನೈಟ್ರೋಮೀಥೇನ್ ಬೆರೆತಿರುತ್ತದೆ. ಪ್ಲಗ್ಗಿನಲ್ಲಿ ಕಿಡಿ ಹಾರುವುದಿಲ್ಲ. ಶುರುವಿಗೆ ಬ್ಯಾಟರಿಯಿಂದ ಕೆಂಪಾದ ಪ್ಲಾಟಿನಂ ತಂತಿ ಆಮೇಲೆ ಮೆಥನಾಲಿನ ಸಂಗದಲ್ಲಿ ತಾನೇ ಕೆಂಪಾಗಿರುತ್ತದೆ. 1981ರಲ್ಲಿ ಬೆಂಗಳೂರಿನ ಕಳ್ಳಬಟ್ಟಿಯಲ್ಲಿ ನೂರಾರು ಜನರನ್ನು ಕೊಂದದ್ದು ಇದೇ ಮೆಥನಾಲು. ಬಾಟಲಿಯನ್ನು ಮಕ್ಕಳ ಕೈಗೆ ಸಿಗದಂತೆ, ಬೀಗದೊಳಗೆ ಇಡಬೇಕು. ಹಗಲಿನಲ್ಲಿ ಅದರ ಜ್ವಾಲೆ ಕಣ್ಣಿಗೆ ಕಾಣುವುದೇ ಕಷ್ಟ ಎಂಬುದೂ ನೆನಪಿರಲಿ.

ಪೆಟ್ಟಿಗೆಯಲ್ಲಿ ಬರುವ ಸಲಕರಣೆಗಳು ಮಾತ್ರ ನಾಚಿಕೆಗೇಡು. ಇಷ್ಟು ದುಬಾರಿ ವಾಹನಕ್ಕೆ ಕೊಡುವುದು ಬಗ್ಗಿಸಿದ ಅಲೆನ್ ಕೀಗಳನ್ನು. ನಾಲ್ಕು ಸಲ ತಿರುಗಿಸುವಷ್ಟರಲ್ಲಿ ಅವುಗಳ ಅಂಚು ಸವೆದು ಸ್ಕ್ರೂವಿನ ತಲೆಯನ್ನೂ ಉರುಟಾಗಿಸುತ್ತವೆ. ಸ್ಲಿಪ್ ಹೊಡೆದ ಸ್ಕ್ರೂ ಒಂದನ್ನು ಇಂಜಿನ್ನಿನ ಬುಡದಿಂದ ಕೀಳಲು ಅರ್ಧ ದಿನ ಹೋಗುತ್ತದೆ. ಹಾಗಾಗಿ ಮೊದಲ ಖರ್ಚು ಗಟ್ಟಿ ಉಕ್ಕಿನ ತುದಿಯಿರುವ 1.5, 2, 2.5 ಮಿ.ಮೀ. ಹೆಕ್ಸ್ ಡ್ರೈವರುಗಳಿಗೆ ಸಲ್ಲಬೇಕು. ಉರುಟು ತುದಿಯವು ಬೇಡ. ಓರೆಯಾಗಿ ಹಿಡಿಯಲು ಅನುಕೂಲವೆನಿಸಿದರೂ ಬಿಗಿಯಾದ ಸ್ಕ್ರೂವಿನ ತಲೆ ಹಾಳು ಮಾಡುವುದು ಅವೇ. ಜೊತೆಗೆ ಒಂದು ಪುಟ್ಟ ಶೀಶೆ ನೀಲಿ ಥ್ರೆಡ್‌ಲಾಕ್. ಲೋಹಕ್ಕೆ ಲೋಹ ಸೇರುವ ಕಡೆ, ಮುಖ್ಯವಾಗಿ ಇಂಜಿನ್ ಮೌಂಟಿಗೆ, ಒಂದು ತೊಟ್ಟು ಸಾಕು. ಪ್ಲಾಸ್ಟಿಕ್ಕಿನೊಳಗೆ ಹೋಗುವ ಸ್ಕ್ರೂಗೆ ಹಚ್ಚಬಾರದು. ಗೇರುಗಳ ನಡುವಿನ ಸಂದು ಸರಿಮಾಡಲು ಉಪಕರಣವೇ ಬೇಕಿಲ್ಲ. ನೋಟ್‌ಬುಕ್ಕಿನ ಒಂದು ಚೂರು ಹಾಳೆಯನ್ನು ಹಲ್ಲುಗಳ ನಡುವೆ ಇಟ್ಟು ಮೌಂಟ್ ಬಿಗಿದು, ಹಾಳೆ ಎಳೆದುಕೊಂಡರೆ ಆಯಿತು.

ಇನ್‌ಫ್ರಾರೆಡ್ ಥರ್ಮಾಮೀಟರು ಎಲ್ಲರೂ ಶಿಫಾರಸು ಮಾಡುವ ವಸ್ತು. ಕೊಳ್ಳಿ, ಆದರೆ ನಂಬಿಕೆ ಮಿತಿಯಲ್ಲಿರಲಿ. ಹೊಳೆಯುವ ಅಲ್ಯೂಮಿನಿಯಂ ತನ್ನ ಬಿಸಿಯನ್ನು ಪೂರ್ತಿ ಹೊರಗೆ ತೋರಿಸುವುದಿಲ್ಲ, ಅಂಕಿ ಕಡಿಮೆಯೇ ಬರುತ್ತದೆ. ದಿನಾ ಒಂದೇ ಜಾಗಕ್ಕೆ, ಪ್ಲಗ್ಗಿನ ಬುಡಕ್ಕೆ, ಹತ್ತಿರದಿಂದ ಗುರಿಯಿಟ್ಟರೆ ನಿನ್ನೆಗೂ ಇವತ್ತಿಗೂ ಹೋಲಿಸಲು ಬರುತ್ತದೆ. ಕಾರ್ಬುರೇಟರಿನ ಸೂಜಿಯನ್ನು ತಿರುಗಿಸುವ ಮೊದಲು ಸೈಲೆನ್ಸರಿನ ಹೊಗೆ ನೋಡಿ. ಪೂರ್ತಿ ಥ್ರಾಟಲಿನಲ್ಲಿ ತೆಳ್ಳಗಿನ ನೀಲಿ ಹೊಗೆ ಎಳೆಯೆಳೆಯಾಗಿ ಕಾಣದಿದ್ದರೆ, ಥರ್ಮಾಮೀಟರು ಏನೇ ಹೇಳಲಿ, ಇಂಜಿನ್ನಿಗೆ ಎಣ್ಣೆ ಸಾಲುತ್ತಿಲ್ಲ.

ಈಝೀ-ಸ್ಟಾರ್ಟ್ ಎಂಬ ಬಟನ್ ಸ್ಟಾರ್ಟು ಟ್ರ್ಯಾಕ್ಸಸ್ಸಿನ ಹೆಮ್ಮೆ. ಹಗ್ಗ ಎಳೆದು ಭುಜ ನೋಯಿಸಿಕೊಂಡವರಿಗೆ ಅದು ವರವೇ. ಪ್ಲಗ್ಗು ಸುಟ್ಟಿದ್ದರೆ ದೀಪ ಹತ್ತದೆ ತಿಳಿಸಿಬಿಡುತ್ತದೆ. ಆದರೆ ಹಗ್ಗಕ್ಕೆ ಇದ್ದ ಒಂದು ಗುಣ ಬಟನ್ನಿಗಿಲ್ಲ. ಸಿಲಿಂಡರಿನಲ್ಲಿ ಇಂಧನ ತುಂಬಿಕೊಂಡಿದ್ದರೆ ಕೈಗೆ ಅದು ಗೊತ್ತಾಗುತ್ತಿತ್ತು. ದ್ರವವನ್ನು ಅದುಮಲು ಯಾವ ಪಿಸ್ಟನ್ನಿಗೂ ಆಗದು. ಬಟನ್ ಒತ್ತುತ್ತಲೇ ಇದ್ದರೆ ಏಟು ಬೀಳುವುದು ಒನ್-ವೇ ಬೇರಿಂಗಿಗೆ, ಕನೆಕ್ಟಿಂಗ್ ರಾಡಿಗೆ. ಪ್ಲಗ್ ಬಿಚ್ಚಿ, ಮೋಟಾರು ತಿರುಗಿಸಿ, ಇಂಧನವನ್ನು ಹೊರಗೆ ಹಾರಿಸುವುದೇ ದಾರಿ.

ರನ್ನಿಂಗ್-ಇನ್ ಬಗ್ಗೆ ಒಂದು ಹಳೆಯ ಸಲಹೆಯನ್ನು ನಾನು ಒಪ್ಪುವುದಿಲ್ಲ: ಇಂಧನ ಸುರಿಯುವಷ್ಟು ರಿಚ್ ಮಾಡಿ, ತಣ್ಣಗೇ ಓಡಿಸಿ ಎನ್ನುವುದು. ಈ ಇಂಜಿನ್ನಿನ ಹಿತ್ತಾಳೆ ಸ್ಲೀವು ಮೇಲೆ ಸ್ವಲ್ಪ ಕಿರಿದಾಗಿರುತ್ತದೆ. ತಣ್ಣಗಿದ್ದಾಗ ಪಿಸ್ಟನ್ ಮೇಲ್ತುದಿಯಲ್ಲಿ ಕಚ್ಚಿಕೊಳ್ಳುತ್ತದೆ, ಬಿಸಿಯಾದಾಗ ಸ್ಲೀವು ಹಿಗ್ಗಿ ಜಾಗ ಬಿಡುತ್ತದೆ. ತಣ್ಣಗೆ ಓಡಿಸಿದರೆ ಮಾಡಿಟ್ಟ ಬಿಗಿಯನ್ನು ನಾವೇ ತಿಕ್ಕಿ ಸವೆಸಿದಂತೆ. ಕಂಪನಿ ಹೇಳುವ ಐದು ಟ್ಯಾಂಕುಗಳ ಕ್ರಮ, ಟ್ಯಾಂಕಿಗೊಂದಿಷ್ಟು ಥ್ರಾಟಲ್ ಏರಿಸುತ್ತ ಹೋಗುವುದು, ಸರಿಯಾಗಿಯೇ ಇದೆ. ಅದನ್ನು ರಿಚ್ಚಾಗಿ, ಆದರೆ 90 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನ ಬಿಸಿಯಲ್ಲಿ ಮುಗಿಸಬೇಕು. 130 ದಾಟಿದರೆ ಅಲ್ಲಿಗೇ ನಿಲ್ಲಿಸಿ.

ಅಪ್‌ಗ್ರೇಡುಗಳಲ್ಲಿ ನನ್ನ ಮೊದಲ ಓಟು ಏರ್ ಫಿಲ್ಟರಿಗೆ. ಎರಡು ಪದರದ ಸ್ಪಂಜು, ಅದಕ್ಕೆ ಹಾಕುವ ಅಂಟೆಣ್ಣೆ, ಬದಲಿಗೆ ಇನ್ನೆರಡು ಸ್ಪಂಜು. ಒಣ ಸ್ಪಂಜು ಮಣ್ಣನ್ನು ತಡೆಯುವುದಿಲ್ಲ. ಒಂದು ಚಿಟಿಕೆ ಧೂಳು ಪಿಸ್ಟನ್ನಿನ ಆಯುಷ್ಯವನ್ನೇ ಮುಗಿಸಬಲ್ಲದು. ಎರಡನೆಯದು ಬ್ಯಾಟರಿ. ರಿಸೀವರಿಗೂ ಸರ್ವೋಗಳಿಗೂ ಕರೆಂಟು ಕೊಡುವ ನಾಲ್ಕು ಪೆನ್ಸಿಲ್ ಸೆಲ್ಲುಗಳು ಥ್ರಾಟಲ್ ತೆರೆದಿರುವಾಗಲೇ ಸತ್ತರೆ ಇಂಜಿನ್ ನಿಲ್ಲುವುದಿಲ್ಲ. ಟ್ಯಾಂಕು ಬರಿದಾಗುವವರೆಗೋ, ಯಾರದಾದರೂ ಕಾಲಿಗೆ ಬಡಿಯುವವರೆಗೋ ಓಡುತ್ತದೆ. ಸಿಗ್ನಲ್ ಕಳೆದುಕೊಂಡಾಗ ಬ್ರೇಕ್ ಹಿಡಿಯುವ ರಿಸೀವರುಗಳು ಈಗ ಇವೆ, ಆದರೆ ಕರೆಂಟೇ ಇಲ್ಲದ ಮೇಲೆ ಹಿಡಿಯುವುದು ಹೇಗೆ? ಐದು ಸೆಲ್ಲಿನ 6 ವೋಲ್ಟ್ ಪ್ಯಾಕು ಹಾಕಿ. ವೋಲ್ಟೇಜು ಇಳಿಯುತ್ತಲೇ ಥ್ರಾಟಲ್ ಮುಚ್ಚುವ ಫೇಲ್‌ಸೇಫ್ ಜೋಡಿಸಿ.

ತೋಳು ಮುರಿದಾಗ ಮಾತ್ರ ತೋಳಿನ ಮಾತು. ಆಗಲೂ ಅಲ್ಯೂಮಿನಿಯಂ ಬೇಡ. ಅದು ಬಗ್ಗಿದರೆ ಬಗ್ಗಿದಂತೆಯೇ ಉಳಿಯುತ್ತದೆ, ಬಗ್ಗದಿದ್ದರೆ ಏಟನ್ನು ಒಳಗಿನ ಬಲ್ಕ್‌ಹೆಡ್ಡಿಗೆ ದಾಟಿಸುತ್ತದೆ. ಆರ್‌ಪಿಎಂ ಕಂಪನಿಯ ನೈಲಾನ್ ತೋಳು ಬಾಗಿ ಮತ್ತೆ ನೆಟ್ಟಗಾಗುತ್ತದೆ. ಪ್ಲಾಸ್ಟಿಕ್ ಸ್ಪರ್ ಗೇರನ್ನು ಕಿತ್ತು ಉಕ್ಕಿನದು ಹಾಕುವ ಚಟವೂ ಇದೇ ಜಾತಿಯದು. ಆ ಪ್ಲಾಸ್ಟಿಕ್ ಹಲ್ಲುಗಳು ಫ್ಯೂಸಿನ ಕೆಲಸ ಮಾಡುತ್ತಿರುತ್ತವೆ. ಅವು ಹೋದರೆ ಒಂದು ಗೇರಿನ ಖರ್ಚು, ಹೋಗದಿದ್ದರೆ ಗೇರ್‌ಬಾಕ್ಸಿನದು.

ಇನ್ನು ಓಡಿಸಿ ಮುಗಿಸಿದ ಮೇಲೆ ಟ್ಯಾಂಕಿನಲ್ಲಿ ಇಂಧನ ಬಿಡಬಾರದು. ಮೆಥನಾಲು ಗಾಳಿಯ ತೇವ ಹೀರುತ್ತದೆ, ನೈಟ್ರೋ ಉರಿದು ಉಳಿದ ಆಮ್ಲ ಬೇರಿಂಗಿಗೆ ತುಕ್ಕು ಹಿಡಿಸುತ್ತದೆ. ಮಳೆಗಾಲದ ಮಂಗಳೂರಿನಲ್ಲಾದರೆ ಕೇಳುವುದೇ ಬೇಡ. ಪ್ಲಗ್ಗಿನ ತೂತಿನಲ್ಲೂ ಕಾರ್ಬುರೇಟರಿನಲ್ಲೂ ಕೆಲವು ಹನಿ ಆಫ್ಟರ್-ರನ್ ಆಯಿಲ್ ಬಿಟ್ಟು ಇಂಜಿನ್ನನ್ನು ನಾಲ್ಕು ಸುತ್ತು ತಿರುಗಿಸಿಡಬೇಕು. ಟ್ಯೂನ್ಡ್ ಪೈಪಿನ ವಿಚಾರವನ್ನು ಮೊದಲ ಪಿಸ್ಟನ್ ಸವೆದು ಎರಡನೆಯದು ಕೊಳ್ಳುವ ದಿನಕ್ಕೆ ಇಟ್ಟುಕೊಳ್ಳಬಹುದು.