ನೀಮೋನ ಮನೆಗೂ ಜೀವವಿದೆ

‘ಫೈಂಡಿಂಗ್ ನೀಮೋ’ ಚಿತ್ರವನ್ನು ನೀವು ನೋಡಿದ್ದೀರಾ? ನೋಡದಿದ್ದರೂ ಬಿಳಿ ಪಟ್ಟಿಗಳಿರುವ ಕಿತ್ತಳೆ ಬಣ್ಣದ ಆ ಪುಟ್ಟ ಮೀನು ಮಕ್ಕಳ ಶಾಲಾ ಚೀಲ, ನೀರಿನ ಬಾಟಲಿಗಳ ಮೇಲೆ ಕಂಡಿರಲೇಬೇಕು. ಅಮೆರಿಕದ ಪಿಕ್ಸರ್ ಸಂಸ್ಥೆ ತಯಾರಿಸಿ, ಆಂಡ್ರ್ಯೂ ಸ್ಟಾಂಟನ್ ನಿರ್ದೇಶಿಸಿದ ಈ ಅನಿಮೇಷನ್ ಚಿತ್ರ ತೆರೆಕಂಡದ್ದು 2003ರಲ್ಲಿ. ಅತ್ಯುತ್ತಮ ಅನಿಮೇಷನ್ ಚಿತ್ರಕ್ಕಿರುವ ಆಸ್ಕರ್ ಪ್ರಶಸ್ತಿಯೂ ಅದಕ್ಕೆ ಬಂತು.

ಇಷ್ಟು ವರ್ಷಗಳ ನಂತರ ಅದರ ವಿಮರ್ಶೆ ಏಕೆ ಎಂದು ನೀವು ಕೇಳಬಹುದು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ವಿಜ್ಞಾನ ಶಿಬಿರಗಳಲ್ಲಿ ನಾನು ಈ ಚಿತ್ರವನ್ನು ಹಲವು ಬಾರಿ ತೋರಿಸಿದ್ದೇನೆ. ಕಡಲಿನಿಂದ ನೇರ ಅಂತರದಲ್ಲೇ ಸುಮಾರು 200 ಕಿ.ಮೀ. ದೂರವಿರುವ ನಮ್ಮ ಮಕ್ಕಳಿಗೆ ಹವಳದ ದಿಬ್ಬವನ್ನು ಪರಿಚಯಿಸಲು ಇದಕ್ಕಿಂತ ಸುಲಭದ ದಾರಿ ನನಗೆ ತೋಚಿರಲಿಲ್ಲ. ಚಿತ್ರವನ್ನು ಹೊಗಳುತ್ತಿದ್ದೆ, ಅದರ ಕೊರತೆಯನ್ನು ಮಾತ್ರ ಹೇಳುತ್ತಿರಲಿಲ್ಲ. ಈಗ ಹೇಳಬೇಕಾಗಿದೆ.

ಚಿತ್ರದಲ್ಲಿ ಸರಿಯಾದದ್ದು

ಮೊದಲು ಮೆಚ್ಚುಗೆ. ಮೀನುಗಳ ಚಲನೆಯನ್ನು ಅರಿಯಲು ಚಿತ್ರತಂಡ ಮತ್ಸ್ಯವಿಜ್ಞಾನಿ ಆಡಂ ಸಮ್ಮರ್ಸ್ ಅವರ ನೆರವು ಪಡೆದಿತ್ತು. ಆ ಶ್ರಮ ತೆರೆಯ ಮೇಲೆ ಕಾಣುತ್ತದೆ. ನೀಮೋ ಕ್ಲೌನ್ ಮೀನು. ಅದರ ವಾಸ ಸೀ ಅನಿಮೋನ್‌ನ ಕರಬಳ್ಳಿಗಳ ನಡುವೆ. ಸೀ ಅನಿಮೋನನ್ನು ನಾವು ಕಡಲ ಹೂ ಎನ್ನೋಣ. ಹೆಸರಿಗೆ ಹೂವಾದರೂ ಅದು ಪ್ರಾಣಿ. ಹವಳ ಮತ್ತು ಅಂಬಲಿ ಮೀನುಗಳ ಬಂಧು. ಅದರ ಕರಬಳ್ಳಿಗಳ ತುಂಬ ಕುಟುಕು ಕೋಶಗಳಿವೆ. ಬೇರೆ ಸಣ್ಣ ಮೀನು ತಾಗಿದರೆ ಅದರ ಕಥೆ ಮುಗಿಯಿತು. ಕ್ಲೌನ್ ಮೀನಿಗೆ ಮೈಮೇಲಿನ ಲೋಳೆಯೇ ಕವಚ. ಕ್ಲೌನ್ ಮೀನು ಕರಬಳ್ಳಿಗಳಿಗೆ ಮೈ ಉಜ್ಜುವುದನ್ನು ಚಿತ್ರ ಚೆನ್ನಾಗಿ ತೋರಿಸುತ್ತದೆ. ಹೊಸ ಕಡಲ ಹೂವಿಗೆ ಒಗ್ಗಿಕೊಳ್ಳುವಾಗ ಈ ಮೀನುಗಳು ಹೀಗೆ ಮೆಲ್ಲನೆ ತಾಗುತ್ತ, ಹಿಂದೆ ಸರಿಯುತ್ತ ಹೋಗುವುದುಂಟು.

ಚಿತ್ರದಲ್ಲಿ ತಪ್ಪಿದ್ದು

ಕ್ಲೌನ್ ಮೀನುಗಳ ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣು. ಅದು ಸತ್ತರೆ ಅದರ ಜೊತೆಯ ಗಂಡೇ ಹೆಣ್ಣಾಗಿ ಬದಲಾಗುತ್ತದೆ. ಇದು 1977ರಷ್ಟು ಹಿಂದೆಯೇ ವರದಿಯಾದ ಸಂಗತಿ. ಅಂದರೆ ತಾಯಿ ಮೀನು ಕೋರಲ್ ಸತ್ತ ಮೇಲೆ ಮಾರ್ಲಿನ್ ನೀಮೋನಿಗೆ ತಾಯಿಯಾಗಬೇಕಿತ್ತು! ಮಕ್ಕಳ ಚಿತ್ರದಲ್ಲಿ ಇದನ್ನು ಬಿಟ್ಟದ್ದನ್ನು ಕ್ಷಮಿಸೋಣ.

ಕಡಲ ಹೂವಿನಲ್ಲಿ ವಾಸಿಸಿ ಕುಟುಕು ಅಭ್ಯಾಸವಾಗಿದೆ ಎಂದು ಮಾರ್ಲಿನ್ ಅಂಬಲಿ ಮೀನುಗಳ ಹಿಂಡಿನ ನಡುವೆ ನುಗ್ಗುವುದು ಅಷ್ಟು ಸುಲಭವಾಗಿ ಕ್ಷಮಿಸುವಂಥದಲ್ಲ. ತನ್ನ ಆತಿಥೇಯ ಹೂವಿನೊಂದಿಗಿನ ಹೊಂದಾಣಿಕೆ ಎಲ್ಲ ಕುಟುಕುಗಳಿಗೂ ರಕ್ಷೆಯಲ್ಲ. ದಂತವೈದ್ಯರ ತೊಟ್ಟಿಯಲ್ಲಿ ಮೀನುಗಳು ಫಿಲ್ಟರಿಗೆ ಕಲ್ಲು ಸಿಕ್ಕಿಸಿ ನೀರನ್ನು ಹಸಿರಾಗಿಸುತ್ತವೆ, ಆದರೂ ಅವುಗಳ ಹರಟೆ ನಿಲ್ಲುವುದಿಲ್ಲ. ನಿಜದಲ್ಲಿ ಫಿಲ್ಟರಿನಲ್ಲಿ ನೆಲೆಸಿದ ಬ್ಯಾಕ್ಟೀರಿಯಗಳೇ ಅಮೋನಿಯವನ್ನು ನೈಟ್ರೈಟ್ ಆಗಿ, ನೈಟ್ರೈಟನ್ನು ನೈಟ್ರೇಟ್ ಆಗಿ ಬದಲಿಸುವುದು. ಅದು ನಿಂತರೆ ಕಣ್ಣಿಗೆ ಕಾಣದ ಅಮೋನಿಯ ಏರುತ್ತದೆ. ನೀರು ಹಸಿರಾಗುವವರೆಗೆ ಕಾಯುವ ಅವಕಾಶ ಮೀನುಗಳಿಗೆ ಸಿಗದಿರಬಹುದು.

ಆದರೆ ನನ್ನ ಮುಖ್ಯ ಆಕ್ಷೇಪ ಇವು ಯಾವುವೂ ಅಲ್ಲ. ಈ ಚಿತ್ರದಲ್ಲಿ ಆಮೆಗೆ ಮಾತಿದೆ, ಶಾರ್ಕಿಗೆ ಮಾತಿದೆ, ತೊಟ್ಟಿಯ ನಕ್ಷತ್ರ ಮೀನಿಗೂ ಮಾತಿದೆ. ಕಡಲ ಹೂ ಮಾತ್ರ ಮನೆ; ಗೋಡೆ, ಬಾಗಿಲಿನಂತೆ ಒಂದು ವಸ್ತು. ನೀಮೋ ಕಣ್ಮರೆಯಾದಾಗ ನಾವು ಅಳುತ್ತೇವೆ, ಅವನ ಮನೆ ಏನನ್ನು ತಿನ್ನುತ್ತದೆ, ಹೇಗೆ ಬದುಕುತ್ತದೆ ಎಂದು ಕೇಳುವುದೇ ಇಲ್ಲ. ವಾಸ್ತವದಲ್ಲಿ ಅದು ಸಮಾನ ಪಾಲುದಾರ. ಮೀನಿನ ವಿಸರ್ಜನೆಯ ಅಮೋನಿಯ ಅದರ ಮೈಯೊಳಗಿನ ಸೂಕ್ಷ್ಮ ಪಾಚಿಗಳಿಗೆ ಗೊಬ್ಬರ. ಆ ಪಾಚಿಗಳು ದ್ಯುತಿಸಂಶ್ಲೇಷಣೆಯಿಂದ ಹೂವಿಗೆ ಆಹಾರ ಕೊಡುತ್ತವೆ. ಹೂವನ್ನು ಕಚ್ಚಲು ಬರುವ ಚಿಟ್ಟೆ ಮೀನುಗಳನ್ನು ಕ್ಲೌನ್ ಮೀನು ಅಟ್ಟಿಬಿಡುತ್ತದೆ.

ನಾನು ಮಾಡಿದ ತಪ್ಪು

ರಬಕವಿ-ಬನಹಟ್ಟಿಯ ವಿದ್ಯಾರ್ಥಿಯೊಬ್ಬ ಶಿಬಿರದಲ್ಲಿ ಚಿತ್ರ ನೋಡಿದವನು. ಕೆಲವು ವರ್ಷಗಳ ನಂತರ, ದುಡಿಯಲು ತೊಡಗಿದ ಮೇಲೆ, ಮನೆಯಲ್ಲಿ 100 ಲೀಟರಿನ ಉಪ್ಪುನೀರಿನ ತೊಟ್ಟಿ ಇಟ್ಟ. ದೊಡ್ಡ ಊರೊಂದರಿಂದ ಎರಡು ಕ್ಲೌನ್ ಮೀನು ತಂದ. ಅವುಗಳಿಗೆ ‘ಮನೆ’ ಬೇಕಲ್ಲ ಎಂದು ಒಂದು ಕಡಲ ಹೂವನ್ನೂ ತಂದ. ಬೆಳಕು ಸಾಕೇ ಎಂದು ನನ್ನನ್ನು ಕರೆದ. ನಾನು ಕಾಲೇಜಿನ ಲಕ್ಸ್ ಮೀಟರ್ ಒಯ್ದು ಅಳೆದೆ. ಹಳದಿ ಛಾಯೆಯ ಎಲ್‌ಇಡಿ ದೀಪ. ಮೀಟರಿನಲ್ಲಿ ಅಂಕಿ ಭರ್ಜರಿಯಾಗಿ ಬಂತು. ‘ಧಾರಾಳ ಸಾಕು’ ಎಂದೆ.

ಭೌತವಿಜ್ಞಾನ ಕಲಿಸುವವನು ಹಾಗೆ ಹೇಳಬಾರದಿತ್ತು. ಲಕ್ಸ್ ಎಂಬುದು ಮನುಷ್ಯನ ಕಣ್ಣಿಗೆ ಹೊಂದಿಸಿದ ಮಾನ. ನಮ್ಮ ಕಣ್ಣು 555 ನ್ಯಾನೊಮೀಟರಿನ ಹಸಿರಿಗೆ ಅತ್ಯಂತ ಸಂವೇದಿ. 450 ನ್ಯಾನೊಮೀಟರಿನ ನೀಲಿಗೆ ಅದರ ಸುಮಾರು 4% ಮಾತ್ರ. ಕಡಲ ನೀರು ಕೆಂಪನ್ನು ಬೇಗ ಹೀರಿಕೊಳ್ಳುವುದರಿಂದ ಹೂವಿನೊಳಗಿನ ಪಾಚಿ ಒಗ್ಗಿಕೊಂಡಿರುವುದು ನೀಲಿ ಬೆಳಕಿಗೆ. ಮೀಟರಿನ ಲೆಕ್ಕದಲ್ಲಿ ಬಹುಪಾಲು ಇಲ್ಲವೆನಿಸುವ ಬಣ್ಣವೇ ಆ ಪಾಚಿಯ ಅನ್ನ. ‘ಲೀಟರಿಗೆ ಇಷ್ಟು ವಾಟ್’ ಎಂಬ ಹವ್ಯಾಸಿಗಳ ಹಳೆಯ ಸೂತ್ರವೂ ಹೀಗೆಯೇ. ವಾಟ್ ಎಂದರೆ ದೀಪ ಬಳಸುವ ವಿದ್ಯುತ್ತು, ಹೂವಿಗೆ ತಲುಪುವ ಬೆಳಕಲ್ಲ. ಅಳೆಯಬೇಕಾದದ್ದು 400ರಿಂದ 700 ನ್ಯಾನೊಮೀಟರ್ ನಡುವಿನ ಫೋಟಾನುಗಳನ್ನು.

ಎರಡು ತಿಂಗಳ ನಂತರ ಅವನ ಫೋನು ಬಂತು: “ಸರ, ಹೂ ಬೆಳ್ಳಗ ಆಗೇತ್ರೀ, ಭಾಳ ಛಂದ ಕಾಣ್ತೈತಿ.” ನಾನೂ ಸಂತೋಷಪಟ್ಟೆ. ಬಿಳುಪು ಎಂದರೆ ಹೂವು ತನ್ನ ಪಾಚಿಗಳನ್ನು ಕಳೆದುಕೊಂಡಿದೆ, ಹಸಿವಿನಲ್ಲಿದೆ ಎಂದು ಆಗ ನಮಗಿಬ್ಬರಿಗೂ ತಿಳಿದಿರಲಿಲ್ಲ. 2024ರಲ್ಲಿ ಲಕ್ಷದ್ವೀಪದ ಹವಳಗಳು ಬಿಸಿ ನೀರಿನಲ್ಲಿ ಬಿಳುಚಿಕೊಂಡ ಸುದ್ದಿಯನ್ನು ನೀವು ಓದಿರಬಹುದು. ಇದೂ ಅದೇ ಜಾತಿಯ ಕಷ್ಟ.

ಮೇ ತಿಂಗಳಲ್ಲಿ ಹೂವು ಸತ್ತಿತು. ಅದು ಕೊಳೆತು ಬಿಟ್ಟ ಅಮೋನಿಯದಿಂದ ಮರುದಿನ ಮೀನುಗಳೂ ಸತ್ತವು.

ನಮ್ಮ ಬೇಸಿಗೆಯ ಲೆಕ್ಕ

ಬೆಳಕೊಂದೇ ಕಾರಣವಲ್ಲ. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿದೆ. 100 ಲೀಟರಿಗೆ 3.5 ಕಿಲೊಗ್ರಾಂ. ನಮ್ಮ ಒಣ ಬೇಸಿಗೆಯಲ್ಲಿ ತೊಟ್ಟಿಯಿಂದ ದಿನಕ್ಕೆ 3 ಲೀಟರ್ ಆವಿಯಾಯಿತು ಎನ್ನಿ. ನೀರು ಹೋಗುತ್ತದೆ, ಉಪ್ಪು ಉಳಿಯುತ್ತದೆ. ಮೂರು ದಿನ ಮರೆತರೆ ಸಾಂದ್ರತೆ ಸುಮಾರು 38.5 ಗ್ರಾಂ ಆಗುತ್ತದೆ. ಅದಕ್ಕೆ ಸೇರಿಸಬೇಕಾದದ್ದು ಉಪ್ಪುನೀರಲ್ಲ, ಶುದ್ಧೀಕರಿಸಿದ ಸಿಹಿನೀರು. ನಮ್ಮ ಬೋರ್‌ವೆಲ್ಲಿನ ಗಡಸು ನೀರನ್ನೇ ಸುರಿದರೆ ಅದರ ಲವಣಗಳೂ ದಿನದಿನಕ್ಕೆ ಕೂಡುತ್ತ ಹೋಗುತ್ತವೆ.

ಇನ್ನು ಶಾಖ. ಕಡಲ ಹೂವಿಗೆ ಹಿತವಾದದ್ದು 24ರಿಂದ 27 ಡಿಗ್ರಿ ಸೆಲ್ಸಿಯಸ್. ನಮ್ಮಲ್ಲಿ ಹೊರಗೆ 40 ದಾಟುತ್ತದೆ. ಒಣ ಹವೆಯಿಂದ ಒಂದು ಅನುಕೂಲವೂ ಇದೆ: ಒಂದು ಲೀಟರ್ ನೀರು ಆವಿಯಾಗಲು ಸುಮಾರು 2400 ಕಿಲೊಜೂಲ್ ಬೇಕು. ಆ ಶಾಖವೆಲ್ಲ ತೊಟ್ಟಿಯಿಂದಲೇ ಹೋದರೆ 100 ಲೀಟರ್ ನೀರು 6 ಡಿಗ್ರಿಯಷ್ಟು ತಣಿಯಬಲ್ಲದು. ನಮ್ಮ ಮಡಕೆಯ ನೀರು ತಂಪಾಗುವುದೂ ಹೀಗೆಯೇ. ಫ್ಯಾನಿನ ಗಾಳಿ ಬಿಟ್ಟರೆ ಸಾಕಷ್ಟು ತಣಿಸಬಹುದು, ಆದರೆ ಉಪ್ಪಿನ ಏರಿಕೆಯೂ ಅಷ್ಟೇ ವೇಗ. ವಿದ್ಯುತ್ತು ಹೋದರೆ ಫ್ಯಾನೂ ಇಲ್ಲ, ಪಂಪೂ ಇಲ್ಲ. 25 ಡಿಗ್ರಿಯಲ್ಲಿ ಸಿಹಿನೀರು ಲೀಟರಿಗೆ ಸುಮಾರು 8.3 ಮಿಲಿಗ್ರಾಂ ಆಕ್ಸಿಜನ್ ಹಿಡಿದರೆ ಕಡಲ ನೀರು ಹಿಡಿಯುವುದು 6.7 ಮಾತ್ರ. ಬಿಸಿಯೇರಿದಂತೆ ಅದೂ ಇಳಿಯುತ್ತದೆ. ಉಸಿರಿನ ಅಗತ್ಯ ಹೆಚ್ಚುವುದೂ ಆಗಲೇ.

ಹಾಗಾದರೆ ಮನೆಯಲ್ಲಿ ಕಡಲ ಹೂವನ್ನು ಸಾಕಲು ಸಾಧ್ಯವೇ ಇಲ್ಲವೇ? ಸಾಧ್ಯವಿದೆ. ಸರ್ ಜಾನ್ ಡಾಲಿಯೆಲ್ 1828ರಲ್ಲಿ ಸ್ಕಾಟ್ಲೆಂಡಿನ ಕಡಲ ತೀರದಿಂದ ತಂದ ಒಂದು ಕಡಲ ಹೂ ಗಾಜಿನ ಪಾತ್ರೆಯಲ್ಲಿ ಅವರ ನಂತರವೂ ಕೈಯಿಂದ ಕೈಗೆ ದಾಟುತ್ತ 1887ರವರೆಗೆ ಬದುಕಿತ್ತು. ಜನ ಅದನ್ನು ‘ಅಜ್ಜಿ’ ಎಂದು ಕರೆದರು. ಆದರೆ ಅದು ತಂಪು ಕಡಲಿನ ಜೀವಿ, ಎಡಿನ್‌ಬರೊದ ಪಕ್ಕದಲ್ಲೇ ಕಡಲು, ಬದಲಿಸಲು ತಾಜಾ ಕಡಲ ನೀರು. ಐವತ್ತೊಂಬತ್ತು ವರ್ಷ ಬದುಕಬಲ್ಲ ಜೀವಿಯೊಂದರ ಬಂಧುವನ್ನು ನಾವು ಕೆಲವೇ ತಿಂಗಳಲ್ಲಿ ಕೊಂದೆವು ಎಂಬುದು ನನಗೆ ಚುಚ್ಚುವ ಮಾತು.

ಕೊನೆಯ ಮಾತು

ಚಿತ್ರದಿಂದಾಗಿ ಕ್ಲೌನ್ ಮೀನುಗಳ ಖರೀದಿ ವಿಪರೀತ ಏರಿತೆಂಬ ಮಾತು ಬಹಳ ಹರಡಿತ್ತು. 2017ರಲ್ಲಿ ಮಿಲಿಟ್ಸ್ ಮತ್ತು ಫೋಲ್ ಎಂಬ ಸಂಶೋಧಕರು ಪರಿಶೀಲಿಸಿದಾಗ ಆ ಮಾತಿಗೆ ಗಟ್ಟಿ ಆಧಾರ ಸಿಗಲಿಲ್ಲ. ಆದ್ದರಿಂದ ಆ ಆರೋಪವನ್ನು ನಾನು ಹೊರಿಸುವುದಿಲ್ಲ. ಮೀನಿನ ಮೇಲೆ ಕಣ್ಣು ನೆಡಿಸಿ ಅದರ ಆಸರೆಯನ್ನು ವಸ್ತುವಾಗಿಸಿತು ಎಂಬುದಷ್ಟೇ ನನ್ನ ದೂರು. ವಿಚಿತ್ರವೆಂದರೆ ದಂತವೈದ್ಯರ ತೊಟ್ಟಿಯಲ್ಲಿ ನೀಮೋ ಕಡಲ ಹೂವಿಲ್ಲದೆಯೇ ಬದುಕುತ್ತಾನೆ. ಅಲ್ಲಿ ಚಿತ್ರವೇ ಸರಿ! ತೊಟ್ಟಿಯಲ್ಲಿ ಬೇಟೆಗಾರ ಮೀನುಗಳಿಲ್ಲದಿದ್ದರೆ ಕ್ಲೌನ್ ಮೀನಿಗೆ ಹೂವು ಅನಿವಾರ್ಯವಲ್ಲ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಈ ಮೀನುಗಳನ್ನು ತೊಟ್ಟಿಯಲ್ಲೇ ಮರಿ ಮಾಡಿಸಿ ಬೆಳೆಸುವ ವಿಧಾನವನ್ನು ರೂಪಿಸಿದೆ. ಸಾಕಲೇಬೇಕೆಂದರೆ ಹಾಗೆ ಬೆಳೆಸಿದ ಮೀನನ್ನು ಸಾಕಿ. ಹೂವನ್ನು ಕಡಲಿಗೇ ಬಿಡಿ. ದಿಬ್ಬ ಕಟ್ಟುವ ಹವಳಗಳಂತೂ 2001ರಿಂದ ವನ್ಯಜೀವಿ (ಸಂರಕ್ಷಣೆ) ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿವೆ. ಅವನ್ನು ಕಡಲಿನಿಂದ ತರುವುದು ಅಪರಾಧ.

ಶಿಬಿರಗಳಲ್ಲಿ ಚಿತ್ರವನ್ನು ಇನ್ನೂ ತೋರಿಸುತ್ತೇನೆ. ಮುಗಿದ ಮೇಲೆ ಮಕ್ಕಳಿಗೆ ಒಂದು ಪ್ರಶ್ನೆ ಕೇಳುತ್ತೇನೆ: “ಈ ಕಥೆಯಲ್ಲಿ ಮಾತೇ ಆಡದ ಪ್ರಾಣಿ ಯಾವುದು?” ಬೀಳಗಿಯಲ್ಲಿ ಕಳೆದ ಬಾರಿ ಒಬ್ಬ ಹುಡುಗಿ ಸ್ವಲ್ಪ ಯೋಚಿಸಿ, “ಅವರ ಮನೀ ಸರ” ಎಂದಳು. ನೀವೂ ನಿಮ್ಮ ಮನೆಯ ಮಕ್ಕಳನ್ನು ಕೇಳಿ ನೋಡಿ. ಆಮೇಲೆ ರಜೆಯಲ್ಲಿ ಅವರನ್ನು ಕಾರವಾರದ ಕಡೆಗೆ ಕರೆದೊಯ್ಯಿರಿ. ಇಳಿತದ ಹೊತ್ತಿಗೆ ಬಂಡೆಗಳ ನಡುವೆ ನಿಂತ ನೀರಿನಲ್ಲಿ ಹುಡುಕಿದರೆ ಜೀವಂತ ಕಡಲ ಹೂ ಕಣ್ಣಿಗೆ ಬಿದ್ದೀತು. ಕೀಳದೆ ನೋಡಿ ಬನ್ನಿ.